ಮೂರನೇ ಚರಣದ ಹದಿನಾರು ಸುತ್ತು

ಕಂಬ ತೀರಿಕೊಂಡ. ಕಳೆದ ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ. ಐವತ್ಮೂರು ವರ್ಷ. ಮೆದುಳಿನಲ್ಲಿ ಗಡ್ಡೆ. ಕೊನೆಯ ಒಂಬತ್ತು ದಿನ ಅವನಿಗೆ ಪ್ರಜ್ಞೆ ಇರಲಿಲ್ಲ. ಅದಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ ಅವನು ಗಿಟಾರ್ ಹಿಡಿದು ವೇದಿಕೆಯ ಮೇಲೆ ನಿಂತಿದ್ದ.

ಕಂಬ ಅನ್ನುವುದು ನಾವಿಟ್ಟ ಹೆಸರು. ರಾಕ್ ಹಾಡುವವರು ಕುಣಿಯುತ್ತಾರೆ, ಕೂದಲು ಕೊಡವುತ್ತಾರೆ. ಇವನು ಹುಗಿದಿಟ್ಟ ಹಾಗೆ ನಿಲ್ಲುತ್ತಿದ್ದ. ಹೊಟ್ಟೆಪಾಡಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ನಾನೂರು ಯಂತ್ರಗಳ ಗದ್ದಲದಲ್ಲಿ, ಎಣ್ಣೆ ಕೈಯಲ್ಲಿ ಹಾಡು ಕಟ್ಟುತ್ತಿದ್ದ. ಮನೆಗೆ ಬಂದು ಕೈ ತೊಳೆದು ಬರೆದಿಡುತ್ತಿದ್ದ.

ಅದೇ ಕಾರ್ಖಾನೆಯ ಸಾಲಿನಲ್ಲಿ ಅವನ ಅಕ್ಕ ಕಾಲರ್ ಹೊಲಿಯುತ್ತಿದ್ದಳು. ಆರು ವರ್ಷದವಳಿದ್ದಾಗ ಜ್ವರ ಬಂದು ಅವಳ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು, ಏರಿಳಿತವಿಲ್ಲದ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದ್ದು ಅವಳೇ. ತಮ್ಮ ಎಲ್ಲಿ ಹಾಡಿದರೂ ಮುಂದಿನ ಸಾಲಿನಲ್ಲಿ ಅವಳಿಗೊಂದು ಕುರ್ಚಿ.

ಅವನ ಮೊದಲ ಬ್ಯಾಂಡು ನಮ್ಮದು. ನಾನು ಬೇಸ್ ಗಿಟಾರ್. ಹಗಲು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಯಾರದೋ ಪುಸ್ತಕದಲ್ಲಿ ಒಂದು ಕೊಂಬು, ಒಂದು ಇಳಿ ತಪ್ಪಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಹನ್ನೊಂದು ವರ್ಷ ಅವನ ಎಡಗಡೆ ಎರಡು ಮಾರು ದೂರದಲ್ಲಿ ನಿಂತು ನುಡಿಸಿದೆ. ಆಮೇಲೆ ಒಂದು ದಿನ ಅವನು ನಮ್ಮನ್ನು ಬಿಟ್ಟ.

"ಹಾಡು ನಿಮ್ಮ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಬಿಟ್ಟಿದೆ. ಸ್ವಲ್ಪ ಎಬ್ಬಿಸಿ ಓಡಾಡಿಸ್ಕೊಂಡು ಬರ್ತೀನಿ" ಅಂದ.

"ಹೋಗು, ಓಡಾಡ್ಸು. ಕಾಲು ಮುರ್ಕೊಂಡು ಬರುತ್ತೆ" ಅಂದೆ. ಆರು ತಿಂಗಳು ಮಾತು ಬಿಟ್ಟೆ.

ಅವನು ಹೋಗಿದ್ದು ಅಗ್ನಿಶಾಮಕ ದಳದ ಬ್ಯಾಂಡಿಗೆ. ಏಳು ಜನ, ಎಲ್ಲರೂ ಊದುವವರು. ಕವಾಯತಿನ ನಡಿಗೆಗೆ ಒಗ್ಗಿದ ಅವರ ಉಸಿರಿನಲ್ಲಿ ಅವನ ಹಾಡು ಅರ್ಧ ವೇಗಕ್ಕೆ ಇಳಿಯಿತು, ಆದರೆ ಎದೆಗೆ ಬಂದು ಗುದ್ದುತ್ತಿತ್ತು. ಅವರ ಮುಖ್ಯಸ್ಥ, ಗಲ್ಲ ಉಬ್ಬಿದ ಟ್ರಂಪೆಟ್ ಅಣ್ಣ, ಮೊದಲೇ ಕರಾರು ಹಾಕಿದ್ದ: "ಗಂಟೆ ಹೊಡೆದ್ರೆ ನಾವು ಹೊರಟ್ವಿ. ನಿನ್ನ ಹಾಡು ಪಲ್ಲವೀಲಿರಲಿ, ಚರಣದಲ್ಲಿರಲಿ." ಒಂದು ಸಲ ಹಾಗೇ ಆಯಿತು. ಏಳೂ ಜನ ವಾದ್ಯ ಕೆಳಗಿಟ್ಟು ಓಡಿದರು. ಕಂಬ ಕದಲದೆ ಒಬ್ಬನೇ ಹಾಡಿ ಮುಗಿಸಿದ.

ಅವರಾದ ಮೇಲೆ ನರ್ಸಿಂಗ್ ಓದುತ್ತಿದ್ದ ಮೂವರು ಹುಡುಗಿಯರು: ಎರಡು ಪಿಟೀಲು, ಒಂದು ಡ್ರಮ್ಸ್. ಅವರಿಗೆ ಪರೀಕ್ಷೆ ಹತ್ತಿರ ಬಂದಷ್ಟೂ ಹಾಡಿನ ವೇಗ ಏರುತ್ತಿತ್ತು. ಹಾಡುಗಳು ಅವೇ. ಪ್ರತಿ ಬ್ಯಾಂಡಿನ ಜೊತೆಗೂ ಬೇರೆ ಮುಖ.

ಎಲ್ಲರ ಜೊತೆಗೂ ಕೊನೆಗೆ ಹಾಡುತ್ತಿದ್ದುದು ಒಂದೇ ಹಾಡು. ಕರೆಂಟು ಹೋಗಿ ಕಾರ್ಖಾನೆಯ ಯಂತ್ರಗಳೆಲ್ಲ ಒಟ್ಟಿಗೆ ನಿಲ್ಲುವುದು ಮೊದಲ ಚರಣ. ಆ ಮೌನದಲ್ಲಿ ಅಕ್ಕಪಕ್ಕದವರು ಮೊದಲ ಸಲ ಒಬ್ಬರ ದನಿ ಒಬ್ಬರು ಕೇಳುವುದು ಎರಡನೆಯದು. ಮೂರನೆಯದು ಅಕ್ಕನಿಗೆ. ಅದು ಬಂದಾಗ ಕಂಬ ಮೈಕು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ, ವೇದಿಕೆಯ ಅಂಚಿನಲ್ಲಿ ನಿಂತು ಅವಳ ಕಡೆ ಮುಖ ಮಾಡಿ ಹಾಡುತ್ತಿದ್ದ. ನಮ್ಮ ವಾದ್ಯಗಳ ಅಬ್ಬರದಲ್ಲಿ ಜನರಿಗೆ ಅದು ಕೇಳುತ್ತಿರಲಿಲ್ಲ. ಅಕ್ಕ ತಲೆಯಾಡಿಸುತ್ತಿದ್ದಳು. ಅವನು ತಿರುಗಿ ಡ್ರಮ್ಸ್ ಕಡೆ ಕಣ್ಣು ಹೊಡೆಯುತ್ತಿದ್ದ. ಎಲ್ಲರೂ ಒಟ್ಟಿಗೆ ಪಲ್ಲವಿಗೆ ಬೀಳುತ್ತಿದ್ದೆವು. ಆ ಚರಣವೊಂದನ್ನು ಅವನು ಬರೆದಿಡಲಿಲ್ಲ. "ಅದು ನಮ್ಮಿಬ್ಬರ ಮಾತು, ಕಾಗದಕ್ಕೆ ಯಾಕೆ?" ಅನ್ನುತ್ತಿದ್ದ.

ಈ ವರ್ಷದ ಮೊದಲಲ್ಲಿ ತಲೆಯ ಆಪರೇಷನ್ ಆಯಿತು. ಮಾತು ಉಳಿಯಿತು, ಪದಗಳು ಚೆಲ್ಲಿಹೋದವು. ಬಾಚಣಿಗೆಗೆ "ಆ ಹಲ್ಲಿಂದು" ಅನ್ನುತ್ತಿದ್ದ, ನನಗೆ "ಆ ದಪ್ಪ ತಂತಿಯವನು". ನಕ್ಕೆವು. ಹಾಡುಗಳು ಪುಸ್ತಕದಲ್ಲಿದ್ದವು, ಓದಿ ಮತ್ತೆ ಕಲಿತ. ಮೂರನೇ ಚರಣ ಎಲ್ಲೂ ಇರಲಿಲ್ಲ. ಗಡ್ಡೆ ಮತ್ತೆ ಬೆಳೆಯುತ್ತಿದೆ, ಇನ್ನು ಕೆಲವು ತಿಂಗಳು ಅಂತ ಡಾಕ್ಟರು ಹೇಳಿದ ದಿನ ಸೀದಾ ನನ್ನ ಮುದ್ರಣಾಲಯಕ್ಕೆ ಬಂದ.

"ಅಕ್ಕಂಗೆ ಅಂತ ಜೀವನದಲ್ಲಿ ಒಂದೇ ಒಂದು ಕೊಟ್ಟಿದ್ದು. ಅದನ್ನ ಇನ್ನೊಂದ್ಸಲ ಹಾಡ್ಬೇಕು. ಹೇಳೋ, ನೀನು ಪಕ್ಕದಲ್ಲೇ ಇದ್ಯಲ್ಲ."

ಹೌದು, ಇದ್ದೆ. ಅಭ್ಯಾಸದ ಕೋಣೆಯಲ್ಲಿ ಮೈಕೂ ಇಲ್ಲದೆ ಅವನು ಅದನ್ನು ನೂರಾರು ಸಲ ಹಾಡಿದ್ದ. ನಾನು ಡ್ರಮ್ಸ್‌ನವನ ಬಲಗಾಲನ್ನು ನೋಡುತ್ತಾ ತಾಳ ಹಿಡಿಯುತ್ತಿದ್ದೆ. ನನ್ನ ಬೆರಳಿಗೆ ಅಲ್ಲಿಯ ಪ್ರತಿ ಸ್ವರ ಇನ್ನೂ ಗೊತ್ತು. ಪದ ಒಂದೂ ಗೊತ್ತಿಲ್ಲ.

"ಅಲ್ಲಿ ತಾಳ ಹದಿನಾರು ಸುತ್ತು ಬರುತ್ತೆ. ಹದಿಮೂರನೇ ಸುತ್ತಲ್ಲಿ ನಾನು ಕೆಳಗಿನ ಸ್ವರಕ್ಕೆ ಇಳೀತೀನಿ" ಅಂದೆ.

"ಅಕ್ಷರ ತಿದ್ದೋನಲ್ವೇನೋ ನೀನು!"

ಅವನು ನನ್ನ ಮೇಜಿನ ಮೇಲಿದ್ದ ಕರಡು ಹಾಳೆಗಳನ್ನು ಒಂದೊಂದಾಗಿ ಮಗುಚಿ ನೋಡಿದ, ಅಲ್ಲೇನಾದರೂ ಇರಬಹುದು ಅನ್ನುವ ಹಾಗೆ.

ಇಬ್ಬರೂ ಅಗ್ನಿಶಾಮಕ ಠಾಣೆಗೆ ಹೋದೆವು. ಟ್ರಂಪೆಟ್ ಅಣ್ಣ ನೀರಿನ ಕೊಳವೆ ಸುತ್ತುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಯೋಚಿಸಿ ಹೇಳಿದ: "ಹದಿನಾರು ಸುತ್ತು. ಒಂಬತ್ತರಲ್ಲಿ ನಾವು ಉಸಿರು ತಗೋತಿದ್ವಿ." ಡ್ರಮ್ಸ್ ಹುಡುಗಿ ಈಗ ನರ್ಸು, ಕಂಬ ಆಪರೇಷನ್ನಿಗೆ ಇದ್ದ ವಾರ್ಡಿನಲ್ಲೇ ಕೆಲಸ. ಅವಳು ಅತ್ತೇಬಿಟ್ಟಳು. "ಹದಿನಾರು ಸುತ್ತು ಸಾರ್. ಪದ ನಾನು ಯಾವತ್ತೂ… ನಾನು ಎಣಿಸ್ತಿದ್ದೆ." ಜನ ಫೋನಿನಲ್ಲಿ ಹಿಡಿದ ಹಾಡುಗಳನ್ನೂ ಹುಡುಕಿದೆವು. ಆ ಜಾಗದಲ್ಲಿ ನಾವೇ ಇದ್ದೆವು, ಜೋರಾಗಿ.

ಉಳಿದವಳು ಅಕ್ಕ. ಅವಳಿಗೆಂದೇ ಇಟ್ಟದ್ದನ್ನು ಅವಳನ್ನೇ ಕೇಳಲು ಅವನಿಗೆ ನಾಚಿಕೆ. ಕೊನೆಗೆ ನಾನೇ ಎಳೆದುಕೊಂಡು ಹೋದೆ. ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವನು ಕೇಳಿದ. ಅವಳು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಇನ್ನೊಂದ್ಸಲ ಹೇಳು." ಹೇಳಿದ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಂಗೆ ದೂರದ್ದು ಕಾಣಲ್ಲ ಕಣೋ. ಎಷ್ಟೋ ವರ್ಷ ಆಯ್ತು. ಅಲ್ಲಿ ಮೇಲೆ ನೀನು ಬರೀ ಒಂದು ಬಿಳಿ ಅಂಗಿ."

"ಮತ್ತೆ ತಲೆ ಆಡಿಸ್ತಿದ್ದೆ?"

"ನೀನು ಹಿಂದೆ ತಿರುಗೋ ಹಾಗಾದಾಗ ಆಡಿಸ್ತಿದ್ದೆ."

"ಹೇಳಬಾರದಿತ್ತಾ ಅಕ್ಕ?"

"ಕಿವಿ ಹೋಗಿತ್ತು, ಕಣ್ಣೂ ಮಂಜು ಅಂದ್ರೆ ನೀನು ಹಾಡೋದೇ ಬಿಡ್ತಿದ್ದೆ."

ಕಂಬ ನಕ್ಕ. ಅಂಥ ನಗು ನಾನು ಮತ್ತೆ ಕೇಳಬಾರದು. "ಹಾಗಾದ್ರೆ ಇಷ್ಟು ವರ್ಷ ಯಾರಿಗೂ ಹೇಳಿಲ್ಲ ನಾನು" ಅಂದ.

ಹೊಸ ಚರಣ ಬರೆಯಲು ಮೂರು ವಾರ ಕೂತ. ಪದ ಬರಲಿಲ್ಲ. ನಾನೊಂದು ಬರೆದುಕೊಟ್ಟೆ. ಓದಿ, ಮಡಿಸಿ, ನನ್ನ ಜೇಬಿಗೇ ಇಟ್ಟ. "ಚೆನ್ನಾಗಿದೆ. ನಿಮ್ಮಕ್ಕಂಗೆ ಹಾಡು."

ಆದರೂ ಆ ಕೊನೆಯ ಭಾನುವಾರ ಹಾಡಲು ಒಪ್ಪಿದ. ಠಾಣೆಯ ಗಾಡಿ ನಿಲ್ಲಿಸುವ ಷೆಡ್ಡು. ಗಾಡಿಗಳನ್ನು ಹೊರಗೆ ನಿಲ್ಲಿಸಿದ್ದರು. ಅವನ ಎಲ್ಲ ಬ್ಯಾಂಡುಗಳಿಂದ ಸಿಕ್ಕಷ್ಟು ಜನ: ಊದುವವರು ನಾಲ್ವರು, ನರ್ಸು ಡ್ರಮ್ಸ್‌ಗೆ, ನಾನು ಎಡಗಡೆ. ಅಕ್ಕನ ಕುರ್ಚಿಯನ್ನು ನಾನೇ ಎತ್ತಿ ವೇದಿಕೆಯ ಅಂಚಿಗೆ ತಾಗಿಸಿ ಹಾಕಿದೆ.

ಪುಸ್ತಕ ನೋಡಿಕೊಂಡು ನಾಲ್ಕು ಹಾಡು ಹಾಡಿದ. ಐದನೆಯದು ಅದೇ. ಮೊದಲ ಚರಣ ಸರಿಯಾಗಿ ಬಂತು, ಎರಡನೆಯದರಲ್ಲಿ ಎರಡು ಕಡೆ ತೊದಲಿದ. ಮೂರನೆಯದಕ್ಕೆ ಮೈಕು ಬಿಟ್ಟ. ನಾಲ್ಕು ಹೆಜ್ಜೆಗೆ ಬಹಳ ಹೊತ್ತು ಹಿಡಿಯಿತು. ಅಂಚಿನಲ್ಲಿ ಮಂಡಿಯೂರಿ ಕೂತ. ಅಕ್ಕನ ಮುಖಕ್ಕೂ ಅವನ ಮುಖಕ್ಕೂ ಒಂದು ಗೇಣು. ಅವಳು ಅವನ ಗದ್ದ ಹಿಡಿದಳು.

ಈ ಸಲ ನಾನು ಯಾರ ಕಾಲನ್ನೂ ನೋಡಲಿಲ್ಲ. ಕಿವಿಗೊಟ್ಟೆ. ಅವನ ದನಿ ಹೊರಡಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಆ ತುಟಿಯಲ್ಲಿ ಕಂಡದ್ದನ್ನು ಅಕ್ಕ ತನ್ನ ಏರಿಳಿತವಿಲ್ಲದ ದನಿಯಲ್ಲಿ, ಅವನ ಹಿಂದೆ ಹಿಂದೆಯೇ, ಗಟ್ಟಿಯಾಗಿ ಹೇಳುತ್ತಾ ಹೋದಳು.

"ಒಂದು. ಎರಡು. ಮೂರು."

ಒಂಬತ್ತಕ್ಕೆ ಊದುವವರು ಉಸಿರು ತೆಗೆದುಕೊಂಡರು. ಹದಿಮೂರಕ್ಕೆ ನಾನು ಕೆಳಗಿನ ಸ್ವರಕ್ಕೆ ಇಳಿದೆ. ಹದಿನಾರಕ್ಕೆ ಅಕ್ಕ ತಲೆಯಾಡಿಸಿದಳು. ಕಂಬ ಕೂತಲ್ಲಿಂದಲೇ ಹಿಂದೆ ತಿರುಗಿ ಡ್ರಮ್ಸ್ ಕಡೆ ಕಣ್ಣು ಹೊಡೆದ.