ದಯಾ ಸಮಿತಿಯ ಒಬ್ಬಳೇ ಬಡವಿ

ತೆರೆಜಾಬಾಯಿ ಬಡವಿ ಅಲ್ಲ. ಈ ಮಾತನ್ನು ಅವಳೇ ಬಾಯಿ ಬಿಟ್ಟು ಹೇಳಿದ್ದಾಳೆ. ಅವಳ ಅಡುಗೆಕೋಣೆಯ ಎರಡು ಬಾಗಿಲಿನ ಫ್ರಿಜ್ಜು ಹೇಳುತ್ತದೆ. ಕೇರಳ ಸರ್ಕಾರ ಕೂಡ ಬಿಳಿ ರೇಷನ್ ಕಾರ್ಡು ಕೈಗಿಟ್ಟು, ನಿಮಗೆ ಅನುಕೂಲ ಉಂಟು ತಾಯಿ, ಅಗ್ಗದ ಅಕ್ಕಿಗೆ ಬರಬೇಡಿ ಅಂತ ಹೇಳಿಯಾಗಿದೆ. ಇದನ್ನು ನಂಬದವರು ಇಡೀ ಲೋಕದಲ್ಲಿ ಬೆಳ್ಳೂರಿನ ಗುಡ್ಡದ ಮೇಲಿನ ಇಗರ್ಜಿಯ ದಯಾ ಸಮಿತಿಯವರು ಮಾತ್ರ.

ಅವರದ್ದೂ ತಪ್ಪು ಅನ್ನುವ ಹಾಗಿಲ್ಲ ಮಾರಾಯ್ರೆ. ನಂಬಿದರೆ ಸಮಿತಿಗೆ ಕೆಲಸ ಎಂತ ಉಂಟು? ಇಗರ್ಜಿಯ ವಠಾರವೆಲ್ಲ ಜಾಲಾಡಿದರೂ ಒಬ್ಬ ಬಡವ ಸಿಕ್ಕುವುದಿಲ್ಲ. ಒಂದು ಮನೆಯವರು ಕುವೈತಿನಲ್ಲಿ, ಇನ್ನೊಂದು ಮನೆಯವರು ಇಸ್ರೇಲಿನಲ್ಲಿ, ಎಲ್ಲಿಗೂ ಹೋಗದವರಿಗೆ ರಬ್ಬರ್ ಉಂಟು. ಒಬ್ಬ ಕುಡುಕ ಇದ್ದ, ಸಮಿತಿಗೆ ಅವನ ಮೇಲೆ ಬಹಳ ಭರವಸೆಯೂ ಇತ್ತು. ಅವನು ಹೇಳದೆ ಕೇಳದೆ ಧ್ಯಾನಕೂಟಕ್ಕೆ ಹೋಗಿ ಕುಡಿತ ಬಿಟ್ಟು ಈಗ ಅದೇ ಸಮಿತಿಯ ಕಾರ್ಯದರ್ಶಿ. ದಯೆ ತೋರಿಸಲಿಕ್ಕೆ ಜನ ಸಾಲುಗಟ್ಟಿ ನಿಂತಿದ್ದಾರೆ, ತೋರಿಸಿಕೊಳ್ಳಲಿಕ್ಕೆ ತೆರೆಜಾಬಾಯಿ ಒಬ್ಬಳೇ.

ಒಂದು ಕಾಲದಲ್ಲಿ ಅವಳು ನಿಜಕ್ಕೂ ಬಡವಿಯೇ. ಗಂಡ ಪಾವ್ಲು ತೀರಿಹೋದ ವರ್ಷ, ಜಡಿಮಳೆಗೆ ಮನೆಯ ಮಾಡು ಕುಸಿದು ಹೆಂಚೆಲ್ಲ ನೆಲಕ್ಕೆ ಬಂದಿತ್ತು. ಸಣ್ಣ ಮಗಳನ್ನು ಮಂಚದಡಿಗೆ ತಳ್ಳಿ ಅಂಗಳದಲ್ಲಿ ನಿಂತು ಬೊಬ್ಬೆ ಹಾಕಿದ್ದಳು. ಓಡಿ ಬಂದವ ರೆಜಿನಾಲ್ಡ್ ಕ್ರಾಸ್ತಾ. ಆಗ ಅವನು ಈಗಿನ ಹಾಗೆ ಸಮಿತಿಯ ಅಧ್ಯಕ್ಷನೂ ಅಲ್ಲ, ಎಂತದೂ ಅಲ್ಲ, ಕುವೈತಿನಿಂದ ರಜೆಯಲ್ಲಿ ಬಂದ ಸ್ಟೋರ್‌ಕೀಪರ್. ಲುಂಗಿ ಎತ್ತಿ ಕಟ್ಟಿ ಮಾಡಿನ ಮರದ ಪಕ್ಕಾಸಿನ ಮೇಲೆ ಹತ್ತಿ, ಆ ಮಳೆಯಲ್ಲೇ ಟಾರ್ಪಾಲು ಎಳೆದು ಕಟ್ಟಿದ. ರಜೆ ಮುಗಿಯುವವರೆಗೆ ಹೆಂಚು ಹೊತ್ತ. ಯಾರೂ ಫೋಟೋ ತೆಗೆಯಲಿಲ್ಲ. ಕೆಲಸ ಮುಗಿದ ದಿನ ಅವಳು ಕೊಟ್ಟ ಸಕ್ಕರೆಯಿಲ್ಲದ ಕಪ್ಪು ಚಾ ಕುಡಿದು ಹೋದ. ಅದನ್ನು ತೆರೆಜಾಬಾಯಿ ಯಾವತ್ತೂ ಮರೆತಿಲ್ಲ.

ಊರೆಲ್ಲ ಅವನನ್ನು ಹೊಗಳಿತು ನೋಡಿ, ಅಲ್ಲಿಗೆ ಕೆಟ್ಟಿತು. ಒಳ್ಳೆಯ ಮನುಷ್ಯ, ಆದರೆ ಹೊಗಳಿಕೆಯ ರುಚಿ ಹತ್ತಿತು. ಕುವೈತ್ ಬಿಟ್ಟು ಬಂದವನೇ ದಯಾ ಸಮಿತಿ ಕಟ್ಟಿದ, ಬ್ಯಾನರ್ ಮಾಡಿಸಿದ, ಉಪ್ಪಳದ ಸ್ಟುಡಿಯೋದ ಪ್ರವೀತನನ್ನು ಕಾಯಂ ಫೋಟೋದವನಾಗಿ ಗೊತ್ತುಮಾಡಿದ.

ತೆರೆಜಾಬಾಯಿ ಸುಮ್ಮನೆ ಕೂತವಳಲ್ಲ. ಎರಡು ಹಂದಿಮರಿ ತಂದು ಸಾಕಿದಳು. ಅವು ಹತ್ತಾದವು, ಆಮೇಲೆ ಕೊಟ್ಟಿಗೆಯೇ ತುಂಬಿತು. ಈಗ ಬೆಳ್ಳೂರಿನಿಂದ ಉಪ್ಪಳದವರೆಗೆ ಕ್ರಿಸ್ತುವರ ಮನೆಯಲ್ಲಿ ಮದುವೆಯಾಗಲಿ, ಕ್ರಿಸ್‌ಮಸ್ ಆಗಲಿ, ಹಂದಿಮಾಂಸ ಅವಳ ಕೊಟ್ಟಿಗೆಯಿಂದಲೇ ಹೋಗಬೇಕು. ಮಗಳು ನರ್ಸಿಂಗ್ ಕಲಿತು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರೆಜಿನಾಲ್ಡನ ಮದುವೆಯ ಬೆಳ್ಳಿಹಬ್ಬಕ್ಕೆ ಬೆಂದ ಹಂದಿಯೂ ಅವಳದ್ದೇ. ಅದನ್ನು ತಿಂದು ಬೆರಳು ನೆಕ್ಕಿದ ಸಮಿತಿ, ಮರುವಾರವೇ ಅವಳ ಮನೆಗೆ ಕಂಬಳಿ ಹಿಡಿದುಕೊಂಡು ಬಂತು.

ಬರುವುದೂ ಸುಮ್ಮನೆ ಅಲ್ಲ. ಮೊದಲು ರೆಜಿನಾಲ್ಡನ ಹೆಂಡತಿ ಡೈಸಿ ಒಳಗೆ ಬಂದು ಫ್ರಿಜ್ಜಿಗೆ ಹಳೆ ಬೆಡ್‌ಶೀಟು ಹೊದಿಸುತ್ತಾಳೆ. "ಆ ಬಳೆ ಸ್ವಲ್ಪ ತೆಗೆದಿಡಿ ಬಾಯಿ, ಫೋಟೋದಲ್ಲಿ ಹೊಳೆಯುತ್ತದೆ" ಅನ್ನುತ್ತಾಳೆ. ಆಮೇಲೆ ಸಮಿತಿ ಸಾಲಾಗಿ ನಿಲ್ಲುತ್ತದೆ, ಒಂದು ಕಂಬಳಿಗೆ ಎಂಟು ಜನ ಕೈ ಹಚ್ಚುತ್ತಾರೆ. "ತೆರೆಜಾಬಾಯಿ, ಮುಖ ಸ್ವಲ್ಪ ಬಾಡಿಸಿ" ಅನ್ನುತ್ತಾನೆ ರೆಜಿನಾಲ್ಡ್. ಮೊದಮೊದಲು ಅವಳಿಗೆ ಬರುತ್ತಿರಲಿಲ್ಲ. ಈಗ ಅಭ್ಯಾಸವಾಗಿದೆ. ಕೆಳತುಟಿ ಒಳಗೆ ಎಳೆದು, ಕಣ್ಣು ನೆಲಕ್ಕಿಳಿಸಿ, ಹಲ್ಲುನೋವು ನೆನೆಸಿಕೊಂಡರಾಯಿತು. "ಸೂಪರ್ ಆಂಟೀ" ಅನ್ನುತ್ತಾನೆ ಪ್ರವೀತ್.

ಕಂಬಳಿಯ ಜೊತೆಗೆ ಬಂದ ಅಕ್ಕಿ ಮೂಟೆ ಅದೇ ಸಂಜೆ ಬೇಲಿ ದಾಟಿ ಕಿನ್ನಿಯ ಮನೆಗೆ ಹೋಗುತ್ತದೆ. ಬೀಡಿ ಕಟ್ಟುವ ಕಿನ್ನಿಯ ಗಂಡ ಉಗ್ಗಪ್ಪನಿಗೆ ಪಾರ್ಶ್ವವಾಯು ಬಡಿದು, ಅವನು ಹಿಡಿದ ಜಗಲಿ ಬಿಟ್ಟಿಲ್ಲ. "ಅವರಿಗೇ ನೇರ ಕೊಡಿ ಮಾರಾಯ್ರೆ, ನನ್ನ ಸೊಂಟ ಉಳಿಯಲಿ" ಅಂತ ತೆರೆಜಾಬಾಯಿ ಒಮ್ಮೆ ಹೇಳಿಯೂ ನೋಡಿದಳು. ರೆಜಿನಾಲ್ಡ್ ಲೊಚಗುಟ್ಟಿದ. "ಪಾಪ, ಒಳ್ಳೆ ಜನ. ಆದರೆ ನಮ್ಮ ಇಗರ್ಜಿಯವರಲ್ಲ ಅಲ್ಲವಾ? ಅಧ್ಯಕ್ಷನಾಗಿ ನಾನೇ ನಿಯಮ ಮುರಿದರೆ ಹೇಗೆ?"

ಹೀಗೆ ವರ್ಷಗಟ್ಟಲೆ ಇಸಕೊಂಡು ಇಸಕೊಂಡು ತೆರೆಜಾಬಾಯಿಗೆ ಸಾಕೋ ಸಾಕಾಗಿ ಹೋಗಿತ್ತು. ಅವಳ ಮನಸ್ಸಿನಲ್ಲಿ ಒಂದು ಆಸೆ ಬಲವಾಗಿ ಕೂತಿತ್ತು. ಹಬ್ಬದ ಪೂಜೆ ಮುಗಿಯುವಾಗ, ಹಬ್ಬಕ್ಕೆ ಕೊಟ್ಟವರನ್ನು ಫಾದರ್ ಹೆಸರು ಹಿಡಿದು ಕರೆದು ಎಲ್ಲರೆದುರು ಒಂದೊಂದು ಮೇಣದ ಬತ್ತಿ ಕೊಡುವ ಕ್ರಮ ಉಂಟು. ಕೊಂಕಣಿಯಲ್ಲಿ ಅದಕ್ಕೆ ವಾತಿ ಅನ್ನುತ್ತಾರೆ. ಡೈಸಿಯ ಶೋಕೇಸಿನಲ್ಲಿ ವಾತಿಗಳದ್ದೇ ಮೆರವಣಿಗೆ. ತೆರೆಜಾಬಾಯಿಗೆ ಬೇಕಾದದ್ದು ಒಂದೇ ಒಂದು. ಎಲ್ಲರ ಕಣ್ಣೆದುರು, ತನ್ನ ಎರಡು ಕಾಲ ಮೇಲೆ ನಡೆದು ಹೋಗಿ, ಕೊಟ್ಟವಳು ಅಂತ ಅನಿಸಿಕೊಂಡು ವಾತಿ ಹಿಡಿಯಬೇಕು. ಸತ್ತರೆ ಅದನ್ನು ಹಚ್ಚಿ ತಲೆದೆಸೆಯಲ್ಲಿ ಇಡಬೇಕು ಅಂತ ಮಗಳಿಗೂ ಹೇಳಿದ್ದಳು.

ಅದಕ್ಕೇ ಕೊಟ್ಟಿಗೆಯ ಹಿಂದೆ ಕಬ್ಬು ನೆಟ್ಟಳು. ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಅದೇ ತೆನೆಹಬ್ಬಕ್ಕೆ, ದೇವಮಾತೆಗೆ ಹೂ ಅರ್ಪಿಸಿದ ಮಕ್ಕಳಿಗೆಲ್ಲ ಕಬ್ಬು ಹಂಚಬೇಕಲ್ಲ? ಪ್ರತಿ ವರ್ಷ ಉಪ್ಪಳದ ಪೇಟೆಯಿಂದ ಒಣಕಲು ಕಬ್ಬು ತರುತ್ತಿದ್ದರು. ಹಂದಿಗೊಬ್ಬರ ತಿಂದ ತೆರೆಜಾಬಾಯಿಯ ಕಬ್ಬು ಮುಂಗೈ ದಪ್ಪ ಬಂತು. ಹೊಸದಾಗಿ ಬಂದ ಫಾದರ್ ಖುಷಿಯಿಂದ ಒಪ್ಪಿದರು. ಅವರಿಗೆ ಇಗರ್ಜಿಯ ಒಳಸಂಗತಿ ಇನ್ನೂ ತಿಳಿದಿರಲಿಲ್ಲ.

ಸುದ್ದಿ ಕೇಳಿ ರೆಜಿನಾಲ್ಡ್ ಕಂಗಾಲಾದ. ಯಾಕೆಂದರೆ ಜೂನ್ ತಿಂಗಳಲ್ಲಿ ತೆರೆಜಾಬಾಯಿ ಪಾಚಿಗೆ ಜಾರಿ ಕಾಲು ಉಳುಕಿಸಿಕೊಂಡಿದ್ದಳು. ಎಣ್ಣೆ ತಿಕ್ಕಿದ್ದಕ್ಕೆ ಎರಡು ದಿನದಲ್ಲಿ ಸರಿಯಾಯಿತು. ಅಷ್ಟರಲ್ಲಿ ಅವಳು ಕುಂಟುವ ವಿಡಿಯೋ ದೋಹಾಕ್ಕೆ, ಸಮಿತಿಯ ದೊಡ್ಡ ದಾನಿ ಗ್ಲ್ಯಾಡ್‌ಸನ್‌ನಿಗೆ ಮುಟ್ಟಿಯಾಗಿತ್ತು. ಅವನು ಕರಗಿಹೋಗಿ ಗಾಲಿಕುರ್ಚಿಯನ್ನೇ ಕಳುಹಿಸಿದ. ಹಬ್ಬದ ದಿನವೇ ಹಸ್ತಾಂತರ. ಗ್ಲ್ಯಾಡ್‌ಸನ್ ದೋಹಾದಲ್ಲಿ ರಜೆ ಹಾಕಿ ಲೈವ್ ನೋಡಲಿಕ್ಕೆ ಕೂರುವವನಿದ್ದ.

ರೆಜಿನಾಲ್ಡ್ ಅವಳ ಜಗಲಿಗೆ ಬಂದು ಕೂತ. "ತೆರೆಜಾಬಾಯಿ, ನೀವು ಪೂಜೆಯಲ್ಲಿ ನಡೆದುಕೊಂಡು ಹೋಗಿ ವಾತಿ ತೆಗೆದುಕೊಂಡರೆ, ಪೂಜೆ ಮುಗಿದ ಮೇಲೆ ನಾವು ಕುರ್ಚಿ ಕೊಡುವುದು ಯಾರಿಗೆ?"

"ಉಗ್ಗಪ್ಪನಿಗೆ ಕೊಡಿ."

"ಪುನಃ ಅದೇ ಶುರುಮಾಡಿದಿರಿ! ಕಬ್ಬು ಯಾರೋ ಒಬ್ಬ ದಾನಿ ಕೊಟ್ಟದ್ದು ಅಂತ ಹೇಳುವ. ನಿಮ್ಮ ವಾತಿ ನಾನೇ ಗುಟ್ಟಾಗಿ ಮನೆಗೆ ಮುಟ್ಟಿಸ್ತೇನೆ."

ತೆರೆಜಾಬಾಯಿಗೆ ಮೈಯೆಲ್ಲ ಉರಿಯಿತು. "ಗುಟ್ಟಾಗಿ ಕೊಡಲಿಕ್ಕೆ ಅದೆಂತ ಕಳ್ಳಭಟ್ಟಿಯಾ? ನನಗೆ ಕಂಬಳಿ ಕೊಡುವಾಗ ಊರಿಗೆಲ್ಲ ಕಾಣಬೇಕು, ನಾನು ಕೊಟ್ಟದ್ದು ಮಾತ್ರ ಕಾಣಬಾರದಾ? ಮೊದಲು ವಾತಿ, ಆಮೇಲೆ ನಿಮ್ಮ ಕುರ್ಚಿ. ಇಲ್ಲದಿದ್ದರೆ ಕಬ್ಬು ಹಂದಿಗೆ ಹಾಕ್ತೇನೆ."

"ಆಯಿತು, ಆಯಿತು" ಅಂದ ರೆಜಿನಾಲ್ಡ್. ಅವನ "ಆಯಿತು" ಅಂದರೆ ಎಂತ ಅಂತ ಇಷ್ಟು ವರ್ಷವಾದರೂ ಅವಳಿಗೆ ಗೊತ್ತಾಗದೆ ಹೋದದ್ದು ಆಶ್ಚರ್ಯ.

ಹಬ್ಬದ ಬೆಳಿಗ್ಗೆ ತೆರೆಜಾಬಾಯಿ ಮದುವೆಯ ಸೀರೆ ಉಟ್ಟು, ಬಳೆ ಹಾಕಿಕೊಂಡು, ಕಬ್ಬಿನ ಕಟ್ಟು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದಳು. ಕಂಡವರೆಲ್ಲ "ಒಳ್ಳೆ ಕಬ್ಬು ಬಾಯಿ" ಅಂದರು. ಇಗರ್ಜಿಯ ಬಾಗಿಲಲ್ಲಿ ಡೈಸಿ ಕಾದು ನಿಂತಿದ್ದಳು. "ಈ ಕುರ್ಚಿಯಲ್ಲೇ ಕೂತುಬಿಡಿ, ಲೈವ್ ಶುರುವಾಗಿದೆ. ಹೆಸರು ಕರೆದಾಗ ಎದ್ದು ಹೋದರಾಯಿತು" ಅಂದು ಕೂರಿಸಿ, ಮೊಣಕಾಲಿಗೆ ಶಾಲು ಹೊದಿಸಿದಳು, ಬೆಲ್ಟೂ ಬಿಗಿದಳು. ಬೆಲ್ಟು ಯಾಕೆ ಅಂತ ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಮಕ್ಕಳು ಹೂ ಅರ್ಪಿಸಿದರು, ಹೊಸ ತೆನೆಗೆ ಆಶೀರ್ವಾದವಾಯಿತು, ಪೂಜೆ ಮುಗಿಯುತ್ತ ಬಂತು. ಫಾದರ್ ಕರೆಯಲಿಕ್ಕೆ ಶುರುಮಾಡಿದರು. "ಕಬ್ಬು ಕೊಟ್ಟವರು, ತೆರೆಜಾ ಮೊಂತೇರೊ."

ತೆರೆಜಾಬಾಯಿ ಬೆಲ್ಟಿನ ಕೊಂಡಿ ಹುಡುಕುವಷ್ಟರಲ್ಲಿ ಮುಂದಿನ ಬೆಂಚಿನಿಂದ ರೆಜಿನಾಲ್ಡ್ ಎದ್ದು ಪೀಠದ ಮೆಟ್ಟಿಲು ಹತ್ತಿಯಾಗಿತ್ತು. "ಅವರ ಪರವಾಗಿ ನಾನು, ಫಾದರ್. ಪಾಪ, ಏಳಲಿಕ್ಕಾಗುವುದಿಲ್ಲ" ಅಂದು ವಾತಿ ತೆಗೆದುಕೊಂಡು, ಕೆಮರಾದ ಕಡೆ ತಿರುಗಿ ನಿಂತ.

ತೆರೆಜಾಬಾಯಿ ಬೆಲ್ಟಿಗೆ ಕೈ ಹಾಕಿದಳು. ಕೊಂಡಿ ಹಂದಿಕೊಟ್ಟಿಗೆಯ ಚಿಲಕಕ್ಕಿಂತ ಗಟ್ಟಿ ಏನಲ್ಲ. ಕಿತ್ತಳು. ಶಾಲು ನೆಲಕ್ಕೆ ಬಿತ್ತು. ಎದ್ದಳು, ದಡದಡ ನಡೆದಳು.

"ಅಯ್ಯೋ ಜೆಜು! ತೆರೆಜಾ ಎದ್ದಳು!" ಹಿಂದಿನ ಬೆಂಚಿನಿಂದ ಒಂದು ಮುದುಕಿ ಕಿರುಚಿತು. "ಪವಾಡ! ಮಾತೆಯ ಪವಾಡ!"

ಕೇಳಬೇಕಾ ಮತ್ತೆ? ಬೆಳಿಗ್ಗೆ ಅದೇ ಹೆಂಗಸು ಕಬ್ಬು ಹೊತ್ತು ಗುಡ್ಡ ಹತ್ತಿದ್ದನ್ನು ಕಣ್ಣಾರೆ ಕಂಡವರೇ ಮೊಣಕಾಲೂರಿದರು. ಗಾಯನದವರು ಯಾರೂ ಹೇಳದೆಯೇ ಸ್ತುತಿಗೀತೆ ಎತ್ತಿದರು. ಡೈಸಿ ನಿಜವಾಗಿ ಅತ್ತಳು, ಬೆಲ್ಟು ಬಿಗಿದದ್ದು ತಾನೇ ಅಂತ ಅವಳಿಗೂ ಮರೆತುಹೋಗಿತ್ತು. ದೋಹಾದಿಂದ ಗ್ಲ್ಯಾಡ್‌ಸನ್ ಕೈಮುಗಿಯುವ ಚಿತ್ರಗಳ ಮಳೆ ಸುರಿಸಿದ. "ನಾನು ಯಾವತ್ತೂ ನಡೆಯುವವಳೇ ಮಾರಾಯ್ರೆ!" ಅಂತ ತೆರೆಜಾಬಾಯಿ ಬೊಬ್ಬೆ ಹಾಕಿದ್ದು ಅಲ್ಲೇಲೂಯದಲ್ಲಿ ಮುಳುಗಿಹೋಯಿತು. "ಕೂತುಕೊಳ್ಳಿ, ಎಲ್ಲರೂ ಕೂತುಕೊಳ್ಳಿ" ಅಂದ ಫಾದರ್ ಮಾತನ್ನೂ ಯಾರೂ ಕೇಳಲಿಲ್ಲ.

ರೆಜಿನಾಲ್ಡ್ ಒಬ್ಬನಿಗೆ ಮಾತ್ರ ಅವಳು ಬರುತ್ತಿರುವುದು ಯಾತಕ್ಕೆ ಅಂತ ಗೊತ್ತಿತ್ತು. ಕೂತುಕೊಳ್ಳಿ, ಕೂತುಕೊಳ್ಳಿ ಅಂತ ಕೈಸನ್ನೆ ಮಾಡುತ್ತ ಒಂದೊಂದೇ ಹೆಜ್ಜೆ ಓರೆಗೆ ಸರಿದ. ಮೆಟ್ಟಿಲಿನ ನೆನಪು ಹಾರಿಹೋಗಿತ್ತು. ಧೊಪ್ಪೆಂದು ಬಿದ್ದ. ವಾತಿ ಮುರಿಯಲಿಲ್ಲ, ಪಾದದ ಗಂಟು ಮಾತ್ರ ಕ್ಷಣದಲ್ಲಿ ತೆಂಗಿನಕಾಯಿಯಷ್ಟು ಊದಿತು.

ನಾಲ್ಕು ಜನ ಎತ್ತಿದರು. ಕೂರಿಸಲಿಕ್ಕೆ ಹತ್ತಿರ ಇದ್ದದ್ದು ಒಂದೇ ಕುರ್ಚಿ. ಗ್ಲ್ಯಾಡ್‌ಸನ್‌ನ ಗಾಲಿಕುರ್ಚಿಯಲ್ಲಿ ಅಧ್ಯಕ್ಷರು ಕೂತರು.

ಸುತ್ತ ಮೊಬೈಲುಗಳು ಎದ್ದವು. ಪ್ರವೀತ್ ಕೆಮರಾ ಹಿಡಿದು ಎದುರಿಗೇ ಬಂದ. ತೆರೆಜಾಬಾಯಿ ನೋಡಿದಳು. ರೆಜಿನಾಲ್ಡ್ ಕೆಳತುಟಿ ಒಳಗೆ ಎಳೆದುಕೊಂಡಿದ್ದ, ಕಣ್ಣು ನೆಲದಲ್ಲಿತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಬಾಡಿಸಿ ಅಂತ ಯಾರೂ ಹೇಳದೆಯೇ ಅವನಿಗೆ ಅದು ಬಂದಿತ್ತು. ತೆಗೆಯಲಿ, ಊರೆಲ್ಲ ನೋಡಲಿ ಅಂತ ಅವಳಿಗೆ ಅನಿಸಿತು. ಅನಿಸದೆ ಇರುತ್ತದಾ? ಆದರೆ ಮಳೆಯಲ್ಲಿ ನೆನೆಯುತ್ತ ಪಕ್ಕಾಸಿನ ಮೇಲೆ ಕೂತಿದ್ದ ಆ ಸ್ಟೋರ್‌ಕೀಪರ್ ಕೂಡ ಇವನೇ ಅಲ್ಲವಾ?

ನೆಲದಲ್ಲಿದ್ದ ಶಾಲು ಎತ್ತಿ ಪ್ರವೀತನ ಕೆಮರಾದ ಮೇಲೆ ಹಾಕಿದಳು. "ಒಳಗಿಡು ಅದನ್ನು."

"ಆಂಟೀ, ಲೈವ್ ಉಂಟು!"

"ಇರಲಿ. ಮನುಷ್ಯನಿಗೆ ನೋವಾಗ್ತಾ ಉಂಟು, ಕಾಣುವುದಿಲ್ವಾ?"

ರೆಜಿನಾಲ್ಡ್ ತಲೆ ಎತ್ತದೆ ವಾತಿ ಮುಂದೆ ಚಾಚಿದ. "ಈಗ ನೀವೇ ಹಿಡಿದುಕೊಳ್ಳಿ. ನನಗೆ ದೂಡಲಿಕ್ಕೆ ಎರಡು ಕೈ ಬೇಕು" ಅಂದಳು ತೆರೆಜಾಬಾಯಿ.

ಡೈಸಿ ಐಸ್ ತರಲಿಕ್ಕೆ ಅಂತ ಮನೆಗೆ ಮುಂದೆ ಓಡಿದಳು. ಗುಡ್ಡದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಂದಕ್ಕೆ ಎಳೆದು ಹಿಡಿದು ತೆರೆಜಾಬಾಯಿ ನಿಧಾನ ಇಳಿಸಿದಳು. ದಾರಿಯುದ್ದಕ್ಕೂ ಮಕ್ಕಳು ಕಬ್ಬು ಜಗಿಯುತ್ತಿದ್ದರು. ಕಿನ್ನಿಯ ಮನೆ ದಾಟುವಾಗ ರೆಜಿನಾಲ್ಡ್ ಮೆಲ್ಲಗೆ ಕೇಳಿದ, "ಉಗ್ಗಪ್ಪ ಈಗಲೂ ಜಗಲಿಯಲ್ಲೇ ಇದ್ದಾನಾ?"

"ಮತ್ತೆ ಎಲ್ಲಿಗೆ ಹೋಗ್ತಾನೆ?"

ರೆಜಿನಾಲ್ಡ್ ತಿರುಗಿ ಆ ಜಗಲಿಯ ಕಡೆ ನೋಡಿದ. "ನನ್ನನ್ನು ಇಳಿಸಿ ಈ ಕುರ್ಚಿ ಅವನಿಗೆ ಮುಟ್ಟಿಸಿಬಿಡಿ."

"ನಿಯಮ?"

"ಸಾಯಲಿ ಅದು."

"ಪ್ರವೀತನನ್ನು ಕರೆಯಲಾ, ಫೋಟೋಕ್ಕೆ?"

"ಬೇಡ ಮಾರಾಯ್ತಿ" ಅಂದ ರೆಜಿನಾಲ್ಡ್. ಅಷ್ಟು ನೋವಿನಲ್ಲೂ ಅವನಿಗೆ ನಗು ಬಂತು.

ಅವನ ಮನೆಯಂಗಳದಲ್ಲಿ ಕುರ್ಚಿ ನಿಲ್ಲಿಸಿದಳು. ಡೈಸಿ ಇನ್ನೂ ಒಳಗಿದ್ದಳು, ನೋಡಲಿಕ್ಕೆ ಯಾರೂ ಇರಲಿಲ್ಲ. ರೆಜಿನಾಲ್ಡ್ ಶರಟಿನ ತುದಿಯಿಂದ ವಾತಿಯ ಮೇಲಿನ ಧೂಳು ಒರಸಿದ. ಫಾದರ್ ಕೊಡುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಕಬ್ಬು ಕೊಟ್ಟವರು, ತೆರೆಜಾ ಮೊಂತೇರೊ" ಅಂದ.

ತೆರೆಜಾಬಾಯಿ ಸೀರೆ ಸರಿಮಾಡಿಕೊಂಡು, ನೆಟ್ಟಗೆ ನಿಂತು, ಇಸಕೊಂಡಳು.