ಟೀಚರ್ ಓದಿದ ಸ್ಟಿಕ್ಕರ್

ನಮ್ಮ ಕಂಪ್ಯೂಟರ್ ಟೀಚರ್ ಯಾವುದು ಕೆಟ್ಟರೂ "ಮೊದಲು ಬಿಚ್ಚಿ ನೋಡುವ" ಎನ್ನುತ್ತಿದ್ದರು. ಪ್ರಾಜೆಕ್ಟ್ ಮುಗಿಸಲು ನನಗಿದ್ದ ಒಂದೇ ಲ್ಯಾಪ್‌ಟಾಪ್ ತೀರಾ ನಿಧಾನವಾದಾಗ, ಮೂಡುಬಿದಿರೆಯ ಅಂಗಡಿಯವರು "ಹಳೆಯದಾಯಿತು, ಬಿಸಾಡಿ" ಎಂದಿದ್ದರು. ಟೀಚರ್ ಪುತ್ತಿಗೆಯ ತಮ್ಮ ಮನೆಯಲ್ಲಿ ಅದನ್ನು ಬಿಚ್ಚಿದರು. ಕನ್ನಡಕ ಹಣೆಗೇರಿಸಿ, ಒಳಗಿದ್ದ ಮೆಮೊರಿ ಪಟ್ಟಿಯ, ಅಂದರೆ ರ‍್ಯಾಮಿನ ಸ್ಟಿಕ್ಕರ್ ಓದಿ ಅಂಗೈಯಲ್ಲಿ ಬರೆದುಕೊಂಡರು. ಲ್ಯಾಪ್‌ಟಾಪ್ ಹಿಡಿದು, ನನ್ನನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದರು.

ಅಂಗಡಿಯವರು ಕೊಟ್ಟ ರ‍್ಯಾಮನ್ನು ಟೀಚರ್ ತಿರುಗಿಸಿ ನೋಡಿ ಹಿಂದೆ ಕೊಟ್ಟರು.

"ಇದು ಕೂತುಕೊಳ್ತದೆ, ಆದರೆ ವೋಲ್ಟೇಜ್ ಜಾಸ್ತಿ, ಈ ಲ್ಯಾಪ್‌ಟಾಪಿಗೆ ಆಗುವುದಿಲ್ಲ. ಕಡಿಮೆ ವೋಲ್ಟೇಜಿನದ್ದು ಉಂಟಾ?"

ಹುಡುಕಿದಾಗ ಸಿಕ್ಕಿತು. ಟೀಚರ್ ಅದನ್ನು ನನ್ನ ಕೈಗಿಟ್ಟರು. "ನೀನೇ ಹಾಕು ಮಾರಾಯ್ತಿ."

ಲ್ಯಾಪ್‌ಟಾಪಿನೊಳಗೆ ಅದರ ಜಾಗದಲ್ಲಿಟ್ಟು ಒತ್ತಿದೆ. ಪರದೆಯಲ್ಲಿ ಮೊದಲಿನ ನಾಲ್ಕರ ಬದಲು ಎಂಟು ಜಿಬಿ ಎಂದು ಬಂತು.

"ಟೀಚರ್, ನಿಮ್ಮನ್ನು ಒಪ್ಪಬೇಕು" ಎಂದರು ಅಂಗಡಿಯವರು.

ಟೀಚರ್ ನನ್ನ ಬೆನ್ನ ಮೇಲೆ ಕೈಯಿಟ್ಟು ಇಡೀ ಅಂಗಡಿಗೆ ಕೇಳುವಂತೆ ಹೇಳಿದರು: "ಹಾಕಿದ್ದು ಇವಳು. ನನ್ನ ಸ್ಟೂಡೆಂಟ್."