ಒಂದು ಹಕ್ಕಿಗೆ ಒಂದು ಚೀಲ

ಹೊಟ್ಟೆಕಿಚ್ಚು ಮೈಯಲ್ಲಿ ಎಲ್ಲಿ ಇರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಎದೆಗೂಡು ಮುಗಿಯುವಲ್ಲಿ, ಸ್ವಲ್ಪ ಎಡಕ್ಕೆ. ವಡೋದರಾದ ಪ್ರಯೋಗಾಲಯದಲ್ಲಿ ಆ ಹುಡುಗಿ ನನ್ನ ಪಕ್ಕದ ಮೇಜಿಗೆ ಬಂದು ಕುಳಿತ ವರ್ಷ ಅದು ಅಲ್ಲಿ ಮನೆ ಮಾಡಿತು.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ರಾಟವಾಳ ಹಕ್ಕಿಯ ಗರಿಗಳಲ್ಲಿ ಬದುಕುವ ನುಸಿಗಳ ಮೇಲೆ ನನ್ನ ಸಂಶೋಧನೆ. ರಾಟವಾಳ ಎಂದರೆ ಗುಬ್ಬಿಗಿಂತ ಚಿಕ್ಕದಾದ, ದಪ್ಪ ಕೊಕ್ಕಿನ, ಜೋಳದ ಹೊಲಕ್ಕೆ ಹಿಂಡುಹಿಂಡಾಗಿ ಇಳಿಯುವ ಹಕ್ಕಿ. ಫಿಂಚ್‌ಗಳ ಬಳಗಕ್ಕೆ ಸೇರಿದ್ದು. ನೋಡಲು ಬಹಳ ಚೊಕ್ಕ. ಆದರೆ ಅದರ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದರೆ ಗರಿಯ ಎಳೆಗಳ ನಡುವೆ ಧೂಳಿನ ಗೆರೆಯಂಥದ್ದು ಕಾಣುತ್ತದೆ. ಅದು ಧೂಳಲ್ಲ, ಸಾಲಾಗಿ ಕುಳಿತ ನುಸಿಗಳು. ರೆಕ್ಕೆಯ ಉದ್ದ ಗರಿಯಲ್ಲಿರುವುದು ಒಂದು ಜಾತಿ. ಸಪೂರ ಮೈ, ಹಾರುವಾಗಿನ ಗಾಳಿಗೆ ಕಿತ್ತುಹೋಗದಂತೆ ಸಂದಿಯಲ್ಲಿ ಅವಚಿಕೊಂಡಿರುತ್ತದೆ. ಮೈಹತ್ತಿರದ ತುಪ್ಪುಳಿನಲ್ಲಿ ಇನ್ನೊಂದು ಜಾತಿ. ಚರ್ಮದ ಮೇಲೆ ಬೇರೆಯದೇ. ಗರಿಯ ಟೊಳ್ಳು ದಂಟಿನ ಒಳಗೇ ಸಂಸಾರ ಹೂಡಿ ಹಕ್ಕಿಯ ರಸ ಹೀರುವ ಅಪ್ಪಟ ಪರಾವಲಂಬಿ ಮತ್ತೊಂದು. ಹಿಡಿದರೆ ಮುಷ್ಟಿ ತುಂಬದ ಹಕ್ಕಿಯ ಮೇಲೆ ಇಷ್ಟೆಲ್ಲ ಬಗೆಯ ಬಾಡಿಗೆದಾರರು, ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವುದಿಲ್ಲ.

ಇವುಗಳ ಜಾತಿ ಗುರುತಿಸಲು ಹೆಣ್ಣು ನುಸಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಬಹುಪಾಲು ಹೆಣ್ಣುಗಳು ಒಂದೇ ತರಹ ಕಾಣುತ್ತವೆ. ಗಂಡು ಬೇಕು, ಅದರ ಹಿಂಬದಿಯ ಆಕಾರ ಬೇಕು. ವರ್ಷಗಟ್ಟಲೆ ನಾನು ಮಾಡಿದ್ದು ಸೂಕ್ಷ್ಮದರ್ಶಕದಲ್ಲಿ ಗಂಡು ನುಸಿಗಳ ಹಿಂಭಾಗ ನೋಡುವ ಕೆಲಸ. ಧಾರವಾಡದಲ್ಲಿ ಅವ್ವ ಇದನ್ನೆಲ್ಲ ವಿವರಿಸಲಾರದೆ, ಕೇಳಿದವರಿಗೆ "ಆಕಿ ಹಕ್ಕಿ ಡಾಕ್ಟರ್ ಆಗ್ಯಾಳ್ರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಹುಡುಗಿ ಮಂಡ್ಯದ ಕಡೆಯವಳು. ನನಗಿಂತ ಚಿಕ್ಕವಳು, ನನಗಿಂತ ತಡವಾಗಿ ಬಂದವಳು. ಕನ್ನಡದವಳೆಂದು ಖುಷಿಪಟ್ಟು ಗೋರ್ವಾ ಬಡಾವಣೆಯ ನನ್ನ ಬಾಡಿಗೆ ಫ್ಲ್ಯಾಟಿನಲ್ಲಿ ನಾನೇ ಜಾಗ ಕೊಟ್ಟೆ. ಬಂದ ಕೆಲವೇ ತಿಂಗಳಲ್ಲಿ ಆಕೆ ಗುಜರಾತಿ ಕಲಿತುಬಿಟ್ಟಳು. ನಾನು ಅಷ್ಟು ವರ್ಷವಾದರೂ ಆಟೋದವರ ಜೊತೆ ಹರಕು ಹಿಂದಿಯಲ್ಲೇ ಜಗಳವಾಡುತ್ತಿದ್ದೆ. ಎಲ್ಲರೂ ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದ ಎದುರು ಮನೆಯ ಹೆಂಗಸು ನನ್ನನ್ನು ಕಂಡರೆ ತಲೆ ಆಡಿಸಿ ಒಳಗೆ ಹೋಗುತ್ತಿದ್ದವರು, ಇವಳಿಗೆಂದು ಹಾಂಡ್ವೊ ಎಂಬ ಖಾರದ ಕೇಕನ್ನು ಬಿಸಿಬಿಸಿಯಾಗಿ ತಟ್ಟೆಯಲ್ಲಿಟ್ಟುಕೊಂಡು ಬಾಗಿಲು ಬಡಿಯತೊಡಗಿದರು. ಹಾಂಡ್ವೊ ರುಚಿಯಾಗಿರುತ್ತಿತ್ತು, ತಿನ್ನುತ್ತಿದ್ದೆ. ತಿನ್ನುತ್ತ ಒಳಗೊಳಗೇ ಉರಿಯುತ್ತಿದ್ದೆ.

ಪ್ರಯೋಗಾಲಯದಲ್ಲಿ ಇನ್ನೂ ಕಷ್ಟ. ನುಸಿಯನ್ನು ಆಮ್ಲದಲ್ಲಿಟ್ಟು ಪಾರದರ್ಶಕವಾಗುವಷ್ಟು ತಿಳಿಗೊಳಿಸಿ, ಗಾಜಿನ ಪಟ್ಟಿಯ ಮೇಲೆ ಕಾಲುಗಳು ಸರಿಯಾಗಿ ಚಾಚಿಕೊಳ್ಳುವಂತೆ ಮಲಗಿಸಿ ಮೇಲೆ ಇನ್ನೊಂದು ತೆಳು ಗಾಜು ಮುಚ್ಚಬೇಕು. ನನ್ನ ನುಸಿಗಳು ಎಷ್ಟೋ ಸಲ ಕಾಲು ಮಡಚಿಕೊಂಡು ಮುದ್ದೆಯಾಗುತ್ತಿದ್ದವು. ಇವಳವು ಯೋಗಾಸನಕ್ಕೆ ಮಲಗಿದ ಹಾಗೆ ಮಲಗುತ್ತಿದ್ದವು. ನಮ್ಮ ಮಾರ್ಗದರ್ಶಕರನ್ನು ನಾವು ಸರ್ ಎನ್ನುತ್ತಿದ್ದೆವು. ಮಾತು ಕಡಿಮೆಯ ಮನುಷ್ಯ. ನಾನು ಏನು ತೋರಿಸಿದರೂ "ಠೀಕ್ ಛೆ" ಎನ್ನುತ್ತಿದ್ದರು, ಪರವಾಗಿಲ್ಲ ಎನ್ನುವ ಹಾಗೆ. ಅದೇ ಅವರ ಹೊಗಳಿಕೆ ಎಂದು ನಂಬಿ ನಾನು ಸುಖವಾಗಿದ್ದೆ. ಒಂದು ದಿನ ಇವಳ ಗಾಜಿನ ಪಟ್ಟಿ ನೋಡಿ "ಬಹು ಸರಸ್" ಎಂದರು. ಬಹಳ ಚೆನ್ನಾಗಿದೆ! ಆ ಎರಡು ಶಬ್ದ ಅವರ ಬಾಯಲ್ಲಿ ಇದ್ದವೆಂದೇ ನನಗೆ ಗೊತ್ತಿರಲಿಲ್ಲ.

ನಾನು ಚಿಕ್ಕಪ್ಪನ ಮಗಳ ಮದುವೆಗೆಂದು ಊರಿಗೆ ಹೋದ ವಾರ ಅಹಮದಾಬಾದಿನಿಂದ ಕರೆ ಬಂತಂತೆ. ರಾಟವಾಳಗಳಿಗೆ ಹಸಿರು ಬಣ್ಣ ಬಳಿದು ಬೀದಿಯಲ್ಲಿ ಮಾರುತ್ತಿದ್ದವರಿಂದ ಅರಣ್ಯ ಇಲಾಖೆ ವಶಪಡಿಸಿಕೊಂಡ ಹಕ್ಕಿಗಳು ಅಲ್ಲಿಯ ಆರೈಕೆ ಕೇಂದ್ರವೊಂದರಲ್ಲಿ ತುಂಬಿದ್ದವು. ಸತ್ತವುಗಳನ್ನು ಪರೀಕ್ಷೆಗೆ ಕೊಡುತ್ತೇವೆ, ಬನ್ನಿ ಎಂದರು. ನಾನು ಹೋಗಬೇಕಾದ ಜಾಗ. ನಾನು ಅಲ್ಲಿ ಮದುವೆಮನೆಯಲ್ಲಿ ಬಳೆ ತೊಡಿಸಿಕೊಳ್ಳುತ್ತಿದ್ದೆ, ಇವಳು ಇಲ್ಲಿ ರೈಲು ಹತ್ತಿ ಹೋಗಿ ಬಂದಳು. ಒಂದು ಹಕ್ಕಿಯ ಬಾಲದ ಬುಡದ ಸಣ್ಣ ಗರಿಗಳಲ್ಲಿ ಅಗಲ ಮೈಯ ನುಸಿಯೊಂದು ಸಿಕ್ಕಿತು. ಗಂಡು. ರಾಟವಾಳದ ಮೇಲೆ ಅಂಥದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ನಾನು ವಾಪಸು ಬಂದು ಚೀಲ ಇಳಿಸುವ ಮೊದಲೇ ಆಕೆ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನೀವಿರ್ಬೇಕಿತ್ತು ಅಕ್ಕ. ಏನ್ ಸಿಕ್ತು ಗೊತ್ತಾ? ಹೊಸದೇ ಇರ್ಬೇಕು. ಸರ್ ಅಂತೂ ಕುರ್ಚಿ ಬಿಟ್ಟು ಎದ್ದ್‌ಬಿಟ್ರು!"

"ಹೌದೇನು? ಚಲೋ ಆತ್ ಬಿಡು," ಎಂದೆ. ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಮದುವೆಯ ಮೇಲೆ, ಮದುಮಗಳ ಮೇಲೆ, ಮುಹೂರ್ತ ಇಟ್ಟ ಭಟ್ಟರ ಮೇಲೂ ಬಂತು.

ಇದು ಬರೀ ಮೆಚ್ಚುಗೆಯ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಮುಂದಿನ ಯೋಜನೆಗೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು. ನನ್ನ ಅವಧಿ ಮುಗಿಯುತ್ತ ಬಂದಿತ್ತು. ಆ ನುಸಿ ನಿಜವಾಗಿ ರಾಟವಾಳದ್ದೇ ಎಂದಾದರೆ ಜಾಗ ಅವಳದು, ನಾನು ಪೆಟ್ಟಿಗೆ ಕಟ್ಟಬೇಕು. ಅಲ್ಲವೆಂದಾದರೆ, ರೆಕ್ಕೆಯ ನುಸಿಗಳ ಮೇಲಿನ ನನ್ನ ಹಳೆಯ ಕೆಲಸವೇ ದೊಡ್ಡದಾಗಿ ಉಳಿಯುತ್ತಿತ್ತು.

ಅಲ್ಲ ಎನ್ನಲು ನನ್ನ ಬಳಿ ಒಳ್ಳೆಯ ಕಾರಣವೂ ಇತ್ತು. ನಮ್ಮ ಕಸುಬಿನಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮಾಡುವ ತಪ್ಪೊಂದಿದೆ. ಹಿಡಿದ ಒಂದು ಹಕ್ಕಿಯನ್ನು ಪರೀಕ್ಷೆಯವರೆಗೆ ಇಟ್ಟಿದ್ದ ಬಟ್ಟೆ ಚೀಲಕ್ಕೆ ತೊಳೆಯದೆ ಇನ್ನೊಂದನ್ನು ಹಾಕುವುದು. ಮೊದಲನೆಯದರ ನುಸಿ ಬಟ್ಟೆಯಲ್ಲಿ ಉಳಿದು ಎರಡನೆಯದರ ಮೈಗೆ ಹತ್ತುತ್ತದೆ. ನಾವು ಹೊಸತೇನೋ ಸಿಕ್ಕಿತೆಂದು ಕುಣಿಯುತ್ತೇವೆ. ಬೀದಿ ವ್ಯಾಪಾರಿಯ ಪಂಜರವಂತೂ ಅಂಥ ಚೀಲಕ್ಕಿಂತ ಕೆಟ್ಟದ್ದು. ಅದರಲ್ಲಿ ರಾಟವಾಳದ ಜೊತೆ ಗೀಜಗ, ಗುಬ್ಬಿ, ಗಿಳಿ ಎಲ್ಲವನ್ನೂ ಒತ್ತೊತ್ತಾಗಿ ತುಂಬಿರುತ್ತಾರೆ.

ಸರ್ ಮುಂದೆ, ಚಹಾದ ಹೊತ್ತಿನಲ್ಲಿ, ಬಹಳ ವಿನಯದಿಂದ ಈ ಮಾತು ತೆಗೆದೆ. ಪಂಜರದಲ್ಲಿ ಗೀಜಗನ ಮೈಯಿಂದ ದಾಟಿ ಬಂದಿದ್ದರೆ ಏನು ಗತಿ ಸರ್, ನಗೆಪಾಟಲಾಗುತ್ತೇವೆ ಎಂದೆ. ಅವರು ಬಟ್ಟಲು ಕೆಳಗಿಟ್ಟರು. ಹುಡುಗಿ ಬಿಸ್ಕತ್ತು ಅದ್ದುತ್ತಿದ್ದಳು. ಅದು ಮುರಿದು ಚಹಾಕ್ಕೆ ಬಿತ್ತು. ನನಗೆ ಆ ಹೊತ್ತಿಗೆ ಎಷ್ಟು ಹಿತವಾಯಿತೆಂದರೆ, ಇನ್ನೊಂದು ಚಹಾ ತರಿಸಿ ಕುಡಿದೆ.

ಮಾರನೆಯ ದಿನ ಸರ್ ನನ್ನನ್ನು ಕರೆದರು. ಸೂರತ್ ಕಡೆಗೆ ಹೋಗು, ಪಂಜರ ಕಂಡೇ ಇರದ ಕಾಡು ಹಿಂಡನ್ನು ಹಿಡಿದು ನೋಡು, ಅರಣ್ಯ ಇಲಾಖೆಯ ಅನುಮತಿ ಇದ್ದೇ ಇದೆ ಎಂದರು. ನನ್ನನ್ನೇ ಕರೆದರಲ್ಲ, ಕೊನೆಗೂ ನನ್ನ ಕೈಯ ಶಿಸ್ತಿನ ಮೇಲೆ ನಂಬಿಕೆ ಬಂತು ಎಂದುಕೊಂಡು ಬೀಗಿದೆ.

ಸೂರತ್ ಪಕ್ಕದ ಹಜೀರಾದ ಕಂಪನಿ ಕಾಲೊನಿಯಲ್ಲಿ ನನ್ನ ಇನ್ನೊಬ್ಬ ಚಿಕ್ಕಪ್ಪನ, ಕಾಕಾನ, ಮನೆಯಿತ್ತು. ಅಲ್ಲಿ ಉಳಿದೆ. ಮೊದಲ ಕೆಲಸ ಚೀಲಕ್ಕೆ ಬಟ್ಟೆ ಕೊಳ್ಳುವುದು. ಊರೆಲ್ಲ ಸೀರೆ ಹರಡಿಕೊಂಡು ಕುಳಿತ ಸೂರತ್ತಿನಲ್ಲಿ ಹಕ್ಕಿಗೆ ಉಸಿರಾಡಲು ಬರುವಂಥ ತೆಳು ಹತ್ತಿ ಬಟ್ಟೆ ಕೇಳಿದರೆ ಅಂಗಡಿಯವರು ಮಿರಮಿರ ಮಿಂಚುವ ನೈಲಾನು, ಪಾಲಿಸ್ಟರು ತೆಗೆದು ತೋರಿಸುತ್ತಾರೆ. ಅಲೆದು ಅಲೆದು ಕೊನೆಗೆ ಸಿಕ್ಕಿತು. ಕಾಕಾನ ಹೆಂಡತಿ, ನಮ್ಮ ಕಾಕು, ತನ್ನ ಹೊಲಿಗೆ ಯಂತ್ರದ ಮೇಲೆ ರಾಶಿ ಚೀಲ ಹೊಲಿದುಕೊಟ್ಟಳು. ಒಂದು ಹಕ್ಕಿಗೆ ಒಂದು ಚೀಲ. ಬಳಸಿದ್ದನ್ನು ಮತ್ತೆ ಮುಟ್ಟುವುದಿಲ್ಲ. ಪ್ರತಿ ಹಕ್ಕಿಗೂ ಹೊಸ ಕಾಗದ, ಚಿಮಟವನ್ನು ಪ್ರತಿ ಸಲ ಆಲ್ಕೋಹಾಲಿನಲ್ಲಿ ಅದ್ದಿ ಒರೆಸುವುದು, ಕೈಗವಸು ಬದಲಿಸುವುದು. ಇಷ್ಟು ಮಡಿ ನಮ್ಮಜ್ಜಿಯೂ ಮಾಡಿರಲಿಕ್ಕಿಲ್ಲ. ನುಸಿ ಸಿಗಲಿಲ್ಲ ಎಂದು ನಾನು ಹೇಳಿದಾಗ ಯಾರೂ ತುಟಿ ಎರಡು ಮಾಡಬಾರದು, ಅದಕ್ಕೆ.

"ಇಷ್ಟ್ ಸಿಟ್ಟಿಲೆ ಯಾರರೆ ಹಕ್ಕಿ ಹಿಡಿತಾರೇನವಾ?" ಎಂದಳು ಕಾಕು. "ಅವೇನ್ ನಿನ್ನ ಗಂಟ್ ತಿಂದಾವು?"

"ಹಕ್ಕಿ ಮ್ಯಾಲೆ ಸಿಟ್ಟಿಲ್ಲ ಕಾಕು," ಎಂದೆ. ಆಕೆ ಮತ್ತೊಂದು ಚೀಲದ ಅಂಚನ್ನು ಯಂತ್ರದ ಸೂಜಿಯಡಿ ಇಟ್ಟಳು.

ಬೆಳಿಗ್ಗೆ ಹೊಲಗಳಿಗೆ ಹೋಗುತ್ತಿದ್ದೆ. ದೂರದಲ್ಲಿ ಕಾರ್ಖಾನೆಗಳ ಚಿಮಣಿ, ಹತ್ತಿರದಲ್ಲಿ ತೆನೆಗೆ ಬಂದ ಜೋಳ. ಕಣ್ಣಿಗೆ ಬೀಳದಷ್ಟು ತೆಳುವಾದ ಬಲೆ ಕಟ್ಟಿ ಬದುವಿನ ಮರೆಯಲ್ಲಿ ಕೂರುವುದು. ಹಿಂಡು ಇಳಿಯುತ್ತಿತ್ತು, ಕೆಲವು ಸಿಕ್ಕಿಬೀಳುತ್ತಿದ್ದವು. ಬಿಡಿಸಿಕೊಂಡು ಒಂದೊಂದನ್ನೂ ಹೊಸ ಚೀಲಕ್ಕೆ ಹಾಕಿ, ಆಮೇಲೆ ಹೊರತೆಗೆದು ರೆಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿ, ಬಾಲದ ಬುಡದ ಒಂದೆರಡು ಗರಿ ತೆಗೆದು, ಹಾರಿಬಿಡುತ್ತಿದ್ದೆ. ಅಂಗೈಯಲ್ಲಿ ಅವುಗಳ ಎದೆ ಡವಡವ ಎನ್ನುತ್ತಿತ್ತು. ಇರಬಾರದು, ನಿನ್ನ ಮೇಲೆ ಅದು ಇರಬಾರದು ಎಂದು ನಾನು ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಹೇಳುತ್ತಿದ್ದೆ. ದೇವರಲ್ಲಿ ಕೂಡ ನಾನು ಅಷ್ಟು ಭಕ್ತಿಯಿಂದ ಏನನ್ನೂ ಬೇಡಿಕೊಂಡಿಲ್ಲ.

ವಡೋದರಾಕ್ಕೆ ಮರಳಿ, ತಂದದ್ದನ್ನೆಲ್ಲ ತಿಳಿಗೊಳಿಸಿ ಗಾಜಿನ ಪಟ್ಟಿಗಳ ಮೇಲೆ ಇಟ್ಟೆ. ಹಗಲು ಹೊತ್ತು, ಕಿಟಕಿಯಿಂದ ಒಳ್ಳೆಯ ಬೆಳಕು. ಹುಡುಗಿ ಪಕ್ಕದ ಮೇಜಿನಲ್ಲಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದಳು. ಒಂದರ ಹಿಂದೊಂದು ನೋಡುತ್ತ ಹೋದೆ. ನನ್ನ ಪರಿಚಯದ ರೆಕ್ಕೆಯ ನುಸಿಗಳು, ಹೆಣ್ಣುಗಳು, ಮರಿಗಳು. ಮನಸ್ಸು ಹಗುರಾಗತೊಡಗಿತು. ಇನ್ನು ಕೆಲವೇ ಪಟ್ಟಿಗಳು ಉಳಿದಿದ್ದವು.

ಆಗ ಅದು ಕಂಡಿತು. ಅಗಲ ಮೈ, ದಪ್ಪ ಹಿಂಗಾಲು, ಅದೇ ಹಿಂಬದಿ. ಗಂಡು. ಕಾಲುಗಳನ್ನು ನೀಟಾಗಿ ಚಾಚಿಕೊಂಡು ಮಲಗಿತ್ತು. ನನ್ನ ಕೈಯಲ್ಲಿ ಯಾವತ್ತೂ ಅಷ್ಟು ಚೆಂದ ಮಲಗದ ನುಸಿ ಆವತ್ತೇ ಮಲಗಬೇಕೇ?

ಬೆರಳಿನಿಂದ ಒಂದು ಸಲ ಒರೆಸಿದರೆ ಮುಗಿಯುತ್ತಿತ್ತು. ಯಾರೂ ನೋಡಿರಲಿಲ್ಲ. ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಬಂದು ಸ್ವಲ್ಪ ಹೊತ್ತು ಕುಳಿತೂ ಇತ್ತು. ಆದರೆ ಆ ಚೀಲಗಳು, ಆ ಕೈಗವಸುಗಳು, ಬಿಸಿಲಿನಲ್ಲಿ ಬದುವಿನ ಮೇಲೆ ಕುಳಿತ ಬೆಳಗುಗಳು! ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ಚೊಕ್ಕ ಕೆಲಸ ಅದು. ಅದನ್ನು ನಾನೇ ಒರೆಸಿಹಾಕಲು ಕೈ ಬರಲಿಲ್ಲ. ಯಾವುದೋ ಚೀಲದಿಂದ ದಾಟಿ ಬಂತು ಎಂದು ಹೇಳಲು ನನಗೆ ನಾನೇ ಒಂದು ಸಂದಿ ಉಳಿಸಿರಲಿಲ್ಲ.

"ಬಾ ಇಲ್ಲೆ," ಎಂದೆ. "ನೋಡು. ನಿಂದು ಖರೇನ ಐತಿ."

ಆಕೆ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಸರ್ ಅವರನ್ನು ಕರೆದೆವು. ಅವರು ನೋಡಿ, ಕನ್ನಡಕ ಸರಿಮಾಡಿಕೊಂಡು, ಮತ್ತೆ ನೋಡಿ, "ಬಹು ಸರಸ್" ಎಂದರು. ನಾವಿಬ್ಬರೂ ಒತ್ತೊತ್ತಿ ನಿಂತಿದ್ದೆವು. ಯಾರಿಗೆ ಹೇಳಿದರೆಂದು ನನಗೆ ಇವತ್ತಿಗೂ ತಿಳಿಯದು.

ಯೋಜನೆಯ ಜಾಗ ಅವಳದೇ ಎಂದು ಅದೇ ಸಂಜೆ ತೀರ್ಮಾನವಾಯಿತು. ನಾವಿಬ್ಬರೂ ಗೇಟಿನ ಹೊರಗೆ, ಅಲ್ಲಿಯವರು ಕಿಟ್ಲಿ ಎನ್ನುವ ಚಹಾದ ಗೂಡಂಗಡಿಗೆ ಹೋದೆವು. ನಾನು ಚಹಾ ಕುಡಿಯುತ್ತಿದ್ದೆ. ಆಕೆ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಅಕ್ಕ, ಒಂದ್ ಮಾತ್ ಹೇಳ್ತೀನಿ. ಬೈಬೇಡಿ."

"ಹೇಳು."

"ಸೂರತ್‌ಗೆ ನಿಮ್ಮನ್ನೇ ಕಳ್ಸಿ ಅಂತ ಸರ್‌ಗೆ ಕೇಳ್ಕೊಂಡಿದ್ದು ನಾನೇ. ಸರ್ ಮೊದ್ಲು ನನ್ಗೇ ಹೋಗು ಅಂದಿದ್ರು."

ನಾನು ಅವಳ ಮುಖ ನೋಡಿದೆ.

"ನಾನ್ ಹೋಗಿ ತಂದಿದ್ರೆ, ಆಸೆಗೆ ಬಿದ್ದು ಇಲ್ಲದ್ದನ್ನ ಕಂಡ್ಳು ಅಂತಿದ್ರು. ನಿಮಗೆ ಅದು ಸಿಗೋದು ಬೇಡ್ವಾಗಿತ್ತಲ್ಲ ಅಕ್ಕ. ಅದಕ್ಕೇ ನೀವ್ ಸಿಕ್ತು ಅಂದ್ರೆ ಯಾರೂ ಎದುರು ಮಾತಾಡೋ ಹಂಗಿಲ್ಲ. ನಾನೇ ನಂಬಿರ್ಲಿಲ್ಲ, ನೀವ್ ಹೇಳೋತನಕ."

ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತೆಗೆದುಕೊಡಿ ಎಂದು ಬಲವಿದ್ದವರನ್ನು ಕೇಳುವಷ್ಟೇ ಸಲೀಸಾಗಿ ಹೇಳಿದ್ದಳು. ನನ್ನ ಹೊಟ್ಟೆಕಿಚ್ಚು ಇಷ್ಟು ದಿನ ನನ್ನದೊಬ್ಬಳದೇ ಗುಟ್ಟೆಂದು ತಿಳಿದಿದ್ದೆ. ಅವಳು ಅದನ್ನು ಮೊದಲಿಂದ ನೋಡಿದ್ದಳು, ಅಳೆದಿದ್ದಳು, ಮೇಲಾಗಿ ಅದರ ಮೇಲೆ ಭರವಸೆ ಇಟ್ಟಿದ್ದಳು. ಅಳಿಸಿಹಾಕಬಹುದಿತ್ತಲ್ಲ ನಾನು ಎಂದು ಕೇಳಿದೆ. "ನೀವಾ?" ಎಂದು ನಕ್ಕು, ಚಹಾ ಮುಗಿಸಿದಳು.

ಅವಳ ಕೈಚಳಕ, ಅವಳ ಗುಜರಾತಿ, ಅವಳಿಗೆ ಸಿಕ್ಕ ನುಸಿ, ಅವಳ ಜಾಗ, ಇದೆಲ್ಲದರ ಮೇಲೆ ಅಲ್ಲಿಯವರೆಗೆ ಉರಿದುಕೊಂಡಿದ್ದೆ. ನನ್ನನ್ನು ನನಗಿಂತ ಸರಿಯಾಗಿ ಬಲ್ಲವಳು ಎಂಬುದು ಗೊತ್ತಾದ ಮೇಲೆ ಅವೆಲ್ಲ ಏನೂ ಅಲ್ಲ ಅನ್ನಿಸಿತು. ಆ ಸಂಜೆ ಕಿಟ್ಲಿಯ ಬೆಂಚಿನ ಮೇಲೆ ನನಗೆ ನಿಜವಾದ ಹೊಟ್ಟೆಕಿಚ್ಚು ಶುರುವಾಯಿತು.